ಮನೆ ಕಟ್ಟಿ ನೋಡು: ಮರುಭೂಮಿಯ ಅಂಗಳಕ್ಕೆ ಕಾಂಕ್ರೀಟು

ಮೈಸೂರಿನಿಂದ ವಾಚಕರೊಬ್ಬರು ದೀರ್ಘವಾದ ಕಾಗದ ಬರೆದಿದ್ದಾರೆ. ಅವರ ಮಗಳು, ಅಳಿಯ ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ, ಫೀನಿಕ್ಸ್ ನಗರದ ಬಳಿ ಮನೆ ಕೊಂಡಿದ್ದಾರಂತೆ. ಬೀದಿಯಿಂದ ಗ್ಯಾರೇಜಿನವರೆಗೆ ಕಾರು ಬರಲೆಂದು ಹಾಸಿರುವ ಕಾಂಕ್ರೀಟು ಸೀಳು ಸೀಳಾಗಿದೆಯಂತೆ. ಅದನ್ನು ಕಿತ್ತು ಹೊಸದಾಗಿ ಹಾಕಿಸುವ ಯೋಚನೆ ನಡೆದಿದೆ. “ಆ ಬಿಸಿಲಿಗೆ ಕಾಂಕ್ರೀಟು ನಿಲ್ಲುವುದೇ ಇಲ್ಲವೆಂದು ಅಲ್ಲಿಯವರು ಹೇಳುತ್ತಾರೆ. ನಿಜವೆ? ಹಾಕಿಸಿದ ಹಣ ಮರಳಿಗೆ ಸುರಿದಂತಾಗುವುದೆ?” ಎಂಬುದು ಅವರ ಪ್ರಶ್ನೆ.

ತಾರಸಿಯ ಸೋರಿಕೆ, ಗೋಡೆಯ ತೇವ, ಅಡಿಗೆಮನೆಯ ಹೊಗೆ ಇವುಗಳನ್ನು ಕುರಿತೇ ಬರೆಯುತ್ತ ಬಂದಿರುವ ಈ ಅಂಕಣದಲ್ಲಿ ಮರುಭೂಮಿಯ ಮಾತೇಕೆಂದು ಕೆಲವರಿಗೆ ಅನ್ನಿಸೀತು. ಆದರೆ ಅದೇ ಊರಿನಲ್ಲಿ ಅಂಥದೇ ಒಂದು ದಾರಿ ಕೆಡುವುದನ್ನು ನಾನು ಕಣ್ಣಾರೆ ಕಂಡವನು. ಅದು ಕೆಡುತ್ತಿದ್ದ ಹೊತ್ತಿನಲ್ಲಿ ನಾಲ್ಕು ಮಾರು ದೂರದಲ್ಲಿ ನಿಂತು ಸುಮ್ಮನಿದ್ದವನು. ಉತ್ತರ ಕೊಡುವ ಹೊಣೆ ನನ್ನ ಮೇಲಿದೆ.

ಅದು ೨೦೨೨ನೆಯ ಇಸವಿಯ ಜೂನ್ ತಿಂಗಳು. ಫೀನಿಕ್ಸಿನ ಉಪನಗರವಾದ ಚಾಂಡ್ಲರಿನಲ್ಲಿ ನನ್ನ ಸೋದರಳಿಯನ ಮನೆ. ಮನೆಯ ಮುಂದಿನ ಹಳೆಯ ದಾರಿಯನ್ನು ಕೀಳಿಸಿ, ಹದಿನಾರು ಅಡಿ ಅಗಲ, ಇಪ್ಪತ್ತನಾಲ್ಕು ಅಡಿ ಉದ್ದಕ್ಕೆ ಹೊಸದಾಗಿ ಕಾಂಕ್ರೀಟು ಹಾಕಿಸಲು ಅವನು ಒಬ್ಬ ಕಂಟ್ರಾಕ್ಟರನೊಡನೆ ಮಾತಾಡಿದ್ದನು. ನಾನು ಎರಡು ತಿಂಗಳ ಮಟ್ಟಿಗೆ ಹೋಗಿದ್ದ ಅತಿಥಿ. ಬೆಳಗಿನ ಆರು ಗಂಟೆಗೆ ಬರಬೇಕಾಗಿದ್ದ ಕಾಂಕ್ರೀಟಿನ ಲಾರಿ ಬಂದಾಗ ಒಂಬತ್ತು ಕಳೆದಿತ್ತು. ಜಗಲಿಯ ಕಂಬಕ್ಕೆ ಕಟ್ಟಿದ್ದ ಉಷ್ಣಮಾಪಕವು ನೆರಳಿನಲ್ಲಿಯೇ ೩೮ ಡಿಗ್ರಿ ತೋರಿಸುತ್ತಿತ್ತು. ಒಣಗಾಳಿ ಬೇರೆ. ಅಷ್ಟು ಹೊತ್ತು ಲಾರಿಯ ಹೊಟ್ಟೆಯಲ್ಲಿ ಸುತ್ತಿ ಸುತ್ತಿ ಬಂದಿದ್ದ ಕಾಂಕ್ರೀಟು ಬಿಗಿದುಕೊಂಡಿತ್ತು, ಸಲಿಕೆಗೆ ಬಗ್ಗುತ್ತಿರಲಿಲ್ಲ. ನಾಲ್ವರು ಕೆಲಸಗಾರರು ಅದನ್ನು ಎಳೆದಾಡಿ ಸೋತರು. ಅವರಲ್ಲೊಬ್ಬನು ಹಣೆಯ ಬೆವರು ಒರಸಿಕೊಳ್ಳುತ್ತ ಲಾರಿಯವನ ಕಡೆ ಕೈ ಎತ್ತಿ “ಆಗ್ವಾ, ಆಗ್ವಾ” ಎಂದನು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ನೀರು. ಲಾರಿಯವನು ರಬ್ಬರು ಕೊಳವೆಯನ್ನು ಕಾಂಕ್ರೀಟಿನೊಳಕ್ಕೆ ತಿರುಗಿಸಿ ಧಾರಾಳವಾಗಿ ನೀರು ಬಿಟ್ಟನು.

ಬೆಂಗಳೂರಿನಲ್ಲಿ ಮೂವತ್ತೈದು ವರ್ಷ ಮೇಸ್ತ್ರಿಗಳ ಕೈಯಿಂದ ಇದೇ ನೀರಿನ ಕೊಳವೆಯನ್ನು ಕಿತ್ತುಕೊಳ್ಳುವುದರಲ್ಲಿ ನನ್ನ ಗಂಟಲು ಒಣಗಿದೆ. ಆದರೂ ಆ ದಿನ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಬಂದ ಊರು ಪರರದು, ಕೆಲಸ ಹಿಡಿದವನು ಅಲ್ಲಿಯ ಅನುಭವಸ್ಥನು, ಹಣ ಕೊಡುವವನು ಸೋದರಳಿಯ, ನಡುವೆ ನಾನು ಯಾರು ಎಂಬ ಸಂಕೋಚ. ಸೋದರಳಿಯ ನನ್ನ ಮುಖ ನೋಡಿ, “ಮಾವ, ಇದು ಸರಿಯಾಗಿದೆ ತಾನೆ?” ಎಂದು ಕೇಳಿದನು ಕೂಡ. “ಅವರಿಗೆ ಗೊತ್ತಿರುತ್ತದೆ, ಬಿಡಪ್ಪ” ಎಂದೆ.

ಮುಕ್ಕಾಲು ಗಂಟೆ ಕಳೆಯುವುದರೊಳಗೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಮೂಡಿದವು. ಕೆರೆ ಬತ್ತಿದಾಗ ತಳದ ಕೆಸರು ಬಿರಿಯುವುದನ್ನು ಕಂಡವರಿಗೆ ಅವುಗಳ ರೂಪವನ್ನು ವರ್ಣಿಸಬೇಕಾಗಿಲ್ಲ. ಕೆಲಸಗಾರರು ಅವುಗಳ ಮೇಲೆ ನೀರು ಚಿಮುಕಿಸಿ ಕರಣೆಯಿಂದ ಉಜ್ಜಿ ಮುಚ್ಚಿದರು. ಹತ್ತೂವರೆಗೆ ಎಲ್ಲವೂ ನುಣುಪಾಗಿ, ಕನ್ನಡಿಯಂತೆ ಕಾಣುತ್ತಿತ್ತು. ಸೋದರಳಿಯ ಸಂತೋಷದಿಂದ ಹಣ ಎಣಿಸಿದನು.

ಮುಂದಿನ ವರ್ಷದ ಬೇಸಗೆ ಆ ಊರಿನವರೂ ನೆನೆಯುವಂಥ ಬೇಸಗೆ. ೨೦೨೩ರ ಜೂನ್ ಕೊನೆಯಿಂದ ಜುಲೈ ೩೦ರವರೆಗೆ ಸತತವಾಗಿ ೩೧ ದಿನ ಫೀನಿಕ್ಸಿನ ಉಷ್ಣತೆ ೪೩ ಡಿಗ್ರಿಯನ್ನು ದಾಟಿತು. ನೆಲದ ಮೇಲೆ ಬಿದ್ದವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರೆಂದರೆ ಅಲ್ಲಿಯ ನೆಲದ ಬಿಸಿಯನ್ನು ಊಹಿಸಿಕೊಳ್ಳಬಹುದು. ಆ ಬೇಸಗೆ ಮುಗಿಯುವ ವೇಳೆಗೆ ದಾರಿಯ ಮೇಲ್ಪದರ ಹಪ್ಪಳದಂತೆ ಎದ್ದಿತ್ತು. ಮುಚ್ಚಿದ್ದ ಗೆರೆಗಳೆಲ್ಲ ಮತ್ತೆ ಬಾಯಿಬಿಟ್ಟಿದ್ದವು. ಗ್ಯಾರೇಜಿನ ಹೊಸ್ತಿಲ ಬಳಿ ಒಂದು ಮೂಲೆ ಬೆರಳಿನ ದಪ್ಪ ಮೇಲೆದ್ದು, ಎಪ್ಪತ್ತನಾಲ್ಕು ವರ್ಷದ ನನ್ನ ಅಕ್ಕ ಅದಕ್ಕೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಈ ಸುದ್ದಿ ಬಂದ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದು ಬರೆಯಲು ಸಂಕೋಚವೇನೂ ಇಲ್ಲ.

ಇನ್ನು ಕಾಗದದ ಪ್ರಶ್ನೆಗೆ ಬರೋಣ. ಬಿಸಿಲಿಗೆ ಕಾಂಕ್ರೀಟು ನಿಲ್ಲುವುದಿಲ್ಲವೆಂಬುದು ಸುಳ್ಳು. ಅದೇ ಸಂಸ್ಥಾನದ ಗಡಿಯಲ್ಲಿ, ಕೊಲರಾಡೋ ನದಿಗೆ ಅಡ್ಡಲಾಗಿ ನಿಂತಿರುವ ಹೂವರ್ ಅಣೆಕಟ್ಟಿಗೆ ೧೯೩೩ರಿಂದ ೧೯೩೫ರವರೆಗೆ ಕಾಂಕ್ರೀಟು ಸುರಿದದ್ದು ಮರುಭೂಮಿಯ ಬಿಸಿಲಿನಲ್ಲಿಯೇ. ಅಲ್ಲಿ ಇಂಜಿನಿಯರುಗಳನ್ನು ಕಾಡಿದ್ದು ಕಾಂಕ್ರೀಟಿನ ಒಳಗಿನ ಶಾಖ. ಸಿಮೆಂಟು ನೀರಿನೊಡನೆ ಕೂಡಿದಾಗ ತಾನೇ ಬಿಸಿಯಾಗುವುದರಿಂದ, ಅಷ್ಟು ದೊಡ್ಡ ರಾಶಿಯನ್ನು ತಣಿಸಲು ಒಂದಂಗುಲದ ಉಕ್ಕಿನ ಕೊಳವೆಗಳನ್ನು ಹೂತು ತಣ್ಣೀರು ಹರಿಸಿದರು. ಆ ಕೊಳವೆಗಳ ಒಟ್ಟು ಉದ್ದ ಒಂಬೈನೂರು ಕಿಲೋಮೀಟರಿಗೂ ಹೆಚ್ಚು. ಅಣೆಕಟ್ಟು ಇಂದಿಗೂ ಗಟ್ಟಿಯಾಗಿದೆ. ಮನೆಯ ಮುಂದಿನ ನಾಲ್ಕೈದು ಅಂಗುಲದ ತೆಳು ಹಾಸಿಗೆ ಒಳಶಾಖದ ಭಯ ಅಷ್ಟಾಗಿ ಇಲ್ಲ. ಅದರ ಶತ್ರು ಬೇರೆ: ಮೊದಲ ಕೆಲವು ಗಂಟೆಗಳಲ್ಲಿ ಮೈಯಿಂದ ಹಾರಿಹೋಗುವ ನೀರು.

ಹಸಿ ಕಾಂಕ್ರೀಟಿನ ಮೇಲೆ ನೀರು ತಾನಾಗಿ ಒಸರಿ ತೆಳುವಾಗಿ ನಿಲ್ಲುತ್ತದೆ. ಒಸರುವುದಕ್ಕಿಂತ ಬೇಗ ಅದು ಆರಿಹೋದರೆ ಮೇಲ್ಮೈ ಕುಗ್ಗುತ್ತದೆ. ಒಳಭಾಗ ಇನ್ನೂ ಕುಗ್ಗಿರುವುದಿಲ್ಲ. ಈ ಜಗ್ಗಾಟವನ್ನು ತಡೆಯುವ ಶಕ್ತಿ ಆ ಹಸುಗೂಸಿಗೆ ಬಂದಿರುವುದಿಲ್ಲವಾದ್ದರಿಂದ ಬಿರಿಯುತ್ತದೆ. ಒಂದು ಚದರ ಮೀಟರಿನಿಂದ ಗಂಟೆಗೆ ಒಂದು ಕಿಲೋಗ್ರಾಮಿನಷ್ಟು ನೀರು ಆರತೊಡಗಿದರೆ ಅಪಾಯವೆಂದು ಈ ವಿದ್ಯೆಯವರ ಲೆಕ್ಕ. ಗಾಳಿಯ ಉಷ್ಣತೆ ೩೮, ಕಾಂಕ್ರೀಟಿನದು ೩೫, ತೇವಾಂಶ ನೂರಕ್ಕೆ ಹದಿನೈದು, ಗಾಳಿಯ ವೇಗ ಗಂಟೆಗೆ ಹದಿನೈದು ಕಿಲೋಮೀಟರು ಎಂದಿಟ್ಟುಕೊಂಡು ಸೂತ್ರಕ್ಕೆ ಹಾಕಿ ನೋಡಿ. ಆರುವ ನೀರು ಗಂಟೆಗೆ ಸುಮಾರು ೧.೬ ಕಿಲೋಗ್ರಾಮು. ಅದೇ ನೆಲದಲ್ಲಿ ನಸುಕಿನ ಹೊತ್ತು, ಗಾಳಿ ೨೨ ಡಿಗ್ರಿ, ಕಾಂಕ್ರೀಟು ೨೬, ತೇವಾಂಶ ಮೂವತ್ತು, ಎಲೆ ಅಲುಗುವಷ್ಟು ಗಾಳಿ ಎಂದಾದರೆ ಅರ್ಧ ಕಿಲೋಗ್ರಾಮನ್ನೂ ಮುಟ್ಟುವುದಿಲ್ಲ. ಊರು ಒಂದೇ, ಸಿಮೆಂಟು ಒಂದೇ. ಗಡಿಯಾರ ಮಾತ್ರ ಬೇರೆ.

“ನೀರು ಆರುತ್ತದೆಂದಾದರೆ ಹೆಚ್ಚು ನೀರು ಬೆರೆಸಿದ್ದು ತಪ್ಪು ಹೇಗಾಯಿತು?” ಎಂದು ಗೃಹಿಣಿಯರು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಸಿಮೆಂಟು ತನಗೆ ಬೇಕಾದಷ್ಟು ನೀರನ್ನು ಮಾತ್ರ ಹೀರಿ ಕಲ್ಲಾಗುತ್ತದೆ. ಮಿಕ್ಕ ನೀರು ಕಾಂಕ್ರೀಟಿನೊಳಗೆ ಜಾಗ ಹಿಡಿದು ಕುಳಿತು, ಕೊನೆಗೆ ಆರಿಹೋದಾಗ ಅಲ್ಲಿ ಸಣ್ಣ ಸಣ್ಣ ಪೊಳ್ಳುಗಳನ್ನು ಬಿಟ್ಟುಹೋಗುತ್ತದೆ. ನೀರು ಮತ್ತು ಸಿಮೆಂಟಿನ ಪ್ರಮಾಣವೇ ಕಾಂಕ್ರೀಟಿನ ಬಲವನ್ನು ನಿರ್ಣಯಿಸುವುದೆಂದು ಚಿಕಾಗೋ ನಗರದ ಡಫ್ ಏಬ್ರಮ್ಸ್ ಎಂಬವರು ೧೯೧೮ರಲ್ಲಿಯೇ ತೋರಿಸಿಕೊಟ್ಟರು. ಐವತ್ತು ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ ಇಪ್ಪತ್ತೆರಡು ಇಪ್ಪತ್ತಮೂರು ಲೀಟರು ನೀರು ಸಾಕು. ದೋಸೆಯ ಹಿಟ್ಟಿನಂತೆ ಹರಿಯುವ ಕಾಂಕ್ರೀಟು ನೋಡಲು ಚೆಂದ, ಹಾಸಲು ಸುಲಭ, ಬಾಳಿಕೆಗೆ ಅಲ್ಲ. ಒಳಗೆ ನೀರು ಕಡಿಮೆ ಇರಬೇಕು, ಇದ್ದ ನೀರು ಹೊರಗೆ ಹೋಗದಂತೆ ಕಾಯಬೇಕು. ನಾವು ಆ ದಿನ ಮಾಡಿದ್ದು ಇದರ ತದ್ವಿರುದ್ಧ: ಒಳಗೆ ಸುರಿದೆವು, ಹೊರಗೆ ಕಾಯಲಿಲ್ಲ.

ಮೇಲೆ ನೀರು ಚಿಮುಕಿಸಿ ಕರಣೆಯಾಡಿಸಿದ್ದಂತೂ ಗಾಯದ ಮೇಲೆ ಉಪ್ಪು. ಆ ನೀರು ಮೇಲ್ಪದರವನ್ನು ಮಾತ್ರ ನೀರುಗಂಜಿ ಮಾಡಿತು. ಹಪ್ಪಳವಾಗಿ ಎದ್ದದ್ದು ಅದೇ ಪದರ. ನಮ್ಮಲ್ಲಿಯೂ ಅಂಗಳದ ಕಾಂಕ್ರೀಟಿನ ಮೇಲೆ ನೀರು ಎರಚಿ, ಒಣ ಸಿಮೆಂಟು ಚೆಲ್ಲಿ ನುಣುಪು ಮಾಡುವ ಪದ್ಧತಿಯುಂಟು. ಎರಡು ವರ್ಷಕ್ಕೆ ಧೂಳೇಳುವ ಅಂಗಳಗಳ ರಹಸ್ಯ ಇದೇ ಎಂದು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ. ಇರಲಿ.

ಆ ಕೆಲಸಗಾರನನ್ನು ದೂರುವ ಮನಸ್ಸು ಮಾತ್ರ ನನಗೆ ಎಂದೂ ಬಂದಿಲ್ಲ. ೩೮ ಡಿಗ್ರಿಯ ಒಣಗಾಳಿಯಲ್ಲಿ, ಕಾದ ನೆಲದ ಮೇಲೆ, ರಬ್ಬರು ಬೂಟು ತೊಟ್ಟು, ಬಿಗಿದ ಕಾಂಕ್ರೀಟನ್ನು ಎಳೆಯುವ ತೋಳುಗಳಿಗೆ ಏಬ್ರಮ್ಸರ ನಿಯಮ ರುಚಿಸುವುದು ಸಾಧ್ಯವೆ? ಕೆಲಸದ ನಡುವೆ ಅವನು ಪಾಲೊ ವರ್ಡೆ ಎಂಬ ಮುಳ್ಳುಮರದ ಜರಡಿಯಂಥ ನೆರಳಿನಲ್ಲಿ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಐದು ನಿಮಿಷ ಕುಳಿತದ್ದನ್ನು ನೋಡಿದ್ದೇನೆ. ಅವನು ಕೇಳಿದ ನೀರು ಕಾಂಕ್ರೀಟಿಗಲ್ಲ, ತನ್ನ ತೋಳಿಗೆ. ಬೇಸಗೆಯ ಒಂಬತ್ತು ಗಂಟೆಗೆ ಅವನನ್ನು ಆ ಕೆಲಸಕ್ಕೆ ಇಳಿಸಿದ್ದೇ ಮೂಲ ತಪ್ಪು; ಕೊಳವೆಯ ನೀರು ಅದರ ಫಲ. ನಗರಸಭೆಯ ಕೆಲಸ ಹಿಡಿಯುವ ಕಂಟ್ರಾಕ್ಟರುಗಳು ತಮ್ಮ ಆಳುಗಳಿಗೆ ಕುಡಿಯುವ ನೀರು, ನೆರಳು, ವಿಶ್ರಾಂತಿ ಕೊಡಲೇಬೇಕೆಂದು ಫೀನಿಕ್ಸಿನಲ್ಲಿ ಕಟ್ಟಳೆಯಾದದ್ದು ೨೦೨೪ರ ಮಾರ್ಚಿಯಲ್ಲಿ. ಅದು ಮನುಷ್ಯರಿಗಾಗಿ ಮಾಡಿದ್ದು. ಆದರೆ ಆಳುಗಳಿಗೆ ಹಿತವಾದ ಹೊತ್ತೇ ಕಾಂಕ್ರೀಟಿಗೂ ಹಿತವಾದ ಹೊತ್ತು.

೨೦೨೪ರ ಮೇ ಮೊದಲಲ್ಲಿ ಎರಡನೆಯ ಸಲ ಕೆಲಸ ಹಿಡಿದೆವು. ಚಳಿಗಾಲವೇ ಲೇಸಾಗಿತ್ತು, ನವೆಂಬರಿನಿಂದ ಫೆಬ್ರವರಿಯವರೆಗೆ ಅಲ್ಲಿ ಹಿತವಾದ ಹವೆ, ಕಾಂಕ್ರೀಟು ಹೆಪ್ಪುಗಟ್ಟುವಂಥ ಹಿಮದ ಭಯವೂ ಹೆಚ್ಚಾಗಿಲ್ಲ. ಮೈಸೂರಿನ ವಾಚಕರ ಅಳಿಯಂದಿರಿಗೆ ನನ್ನ ಮೊದಲ ಸಲಹೆ ಅದೇ. ನಮಗೆ ಮಾತ್ರ ಒಳ್ಳೆಯ ಕಂಟ್ರಾಕ್ಟರ್ ಸಿಕ್ಕಿದ್ದು ಮೇ ತಿಂಗಳಿಗೆ. ಈ ಸಲ ನಾನು ನಾಚಿಕೆ ಬಿಟ್ಟು ಅವನೆದುರು ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಅವನು ಎಲ್ಲವನ್ನೂ ಕೇಳಿ, ನಕ್ಕು, “ನಾವು ಮೂರು ಗಂಟೆಗೆ ಬರುತ್ತೇವೆ. ನಿಮ್ಮ ಮನೆಯಲ್ಲಿ ಕಾಫಿ ಸಿಗುವುದಾದರೆ ಸರಿ” ಎಂದನು. ಅವನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ.

ಮೊದಲು ನೆಲ. ಅಲ್ಲಿ ಅಡಿ, ಎರಡಡಿ ಅಗೆಯುವುದರೊಳಗೆ ಪಿಕಾಸಿ ಠಣ್ಣೆನ್ನುತ್ತದೆ. ಕಲೀಚಿ ಎಂಬ ಸುಣ್ಣದ ಗಟ್ಟಿ ಪದರ ಅದು. ನಮ್ಮ ಎರೆನೆಲದ ಸುಣ್ಣದ ಕಂಕರಿಗೆ ದೊಡ್ಡಣ್ಣ. ಒಂದೆಡೆ ಕಲ್ಲಿನಂಥ ಕಲೀಚಿ, ಪಕ್ಕದಲ್ಲೇ ಸಡಿಲ ಮಣ್ಣು ಇದ್ದರೆ ಹಾಸು ಒಂದು ಕಾಲು ಕುಂಟಾದ ಮಂಚದಂತಾಗುತ್ತದೆ. ಎದ್ದುನಿಂತ ಹೆಂಟೆಗಳನ್ನು ಒಡೆದು ತೆಗೆಸಿ, ನಾಲ್ಕಂಗುಲ ಸಣ್ಣಜಲ್ಲಿ ಹರಡಿ, ಯಂತ್ರದ ದಿಮ್ಮಸಿನಿಂದ ಬಿಗಿಗೊಳಿಸಿದೆವು. ಹಿಂದಿನ ಸಂಜೆ ಅದಕ್ಕೆ ಚೆನ್ನಾಗಿ ನೀರುಣಿಸಿದೆವು. ಒಣನೆಲ ಮೇಲಿನ ಕಾಂಕ್ರೀಟಿನ ನೀರನ್ನು ಕೆಳಗಿನಿಂದ ಹೀರುತ್ತದೆ. ಅದಕ್ಕೆ ಮುಂಚೆಯೇ ದಾಹ ತೀರಿಸಬೇಕು. ಆದರೆ ಎಲ್ಲಿಯೂ ನೀರು ನಿಂತಿರಕೂಡದು. ಮನೆಯಿಂದ ಬೀದಿಯ ಕಡೆಗೆ ಅಡಿಗೆ ಕಾಲಂಗುಲದಂತೆ ಇಳುಕಲು, ಎಂದರೆ ಒಟ್ಟು ಆರಂಗುಲ. ಮರುಭೂಮಿಗೆ ಮಳೆ ಎಲ್ಲಿಂದ ಬರಬೇಕೆಂದು ನಗಬೇಡಿ. ಅಲ್ಲಿಯ ಮಳೆ ವರ್ಷಕ್ಕೆ ಏಳೆಂಟು ಅಂಗುಲವಾದರೂ ಬಂದಾಗ ಮುಂಗಾರಿನ ಬಿರುಸಿನಲ್ಲಿಯೇ ಬರುತ್ತದೆ.

ಹಿಂದಿನ ನಾಲ್ಕಂಗುಲದ ಬದಲು ಈ ಸಲ ಐದಂಗುಲ ದಪ್ಪ. ಹೆಚ್ಚಿದ್ದು ಒಂದೇ ಅಂಗುಲ, ಸುಮಾರು ಒಂದು ಘನ ಮೀಟರು ಕಾಂಕ್ರೀಟು. ಭಾರ ಹೊರುವ ಶಕ್ತಿ ಮಾತ್ರ ಅರ್ಧದಷ್ಟು ಹೆಚ್ಚುತ್ತದೆ. ಆ ನೆಲಗಳಲ್ಲಿ ಸಲ್ಫೇಟು ಲವಣಗಳ ಕಾಟವುಂಟು. ಅದನ್ನು ತಡೆಯುವ ಸಿಮೆಂಟು ಅಲ್ಲಿ ಸಾಮಾನ್ಯವಾಗಿ ದೊರೆಯುತ್ತದೆ. ಅದನ್ನೇ ಕೇಳಿ ಪಡೆಯಬೇಕು. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಕಲ್ಲಿದ್ದಲಿನ ಹಾರುಬೂದಿ ಬೆರೆಸಿದರೆ ಶಾಖವೂ ಕಡಿಮೆ, ಲವಣಗಳಿಗೂ ತಡೆ. ನಮ್ಮ ರಾಯಚೂರಿನ ವಿದ್ಯುತ್ ಸ್ಥಾವರದಿಂದ ಹೊರಬೀಳುವ ಬೂದಿಯಂಥದೇ ಅದು. ಕಾಂಕ್ರೀಟು ಬಿಗಿಯಾಗಿದ್ದರೆ ಸಡಿಲಗೊಳಿಸುವ ದ್ರವವೊಂದುಂಟು. ಲಾರಿಯವನು ಅದನ್ನು ಅಳೆದು ಹಾಕಲಿ, ಕೊಳವೆಯ ನೀರನ್ನಲ್ಲ. ಬಂದ ಕಾಂಕ್ರೀಟಿನ ಉಷ್ಣತೆ ೩೫ ಡಿಗ್ರಿ ಮೀರಿದ್ದರೆ ಹಿಂದಿರುಗಿಸುವುದು ಮೇಲು. ಬೇಕಾದರೆ ಕಾರಖಾನೆಯಲ್ಲಿಯೇ ನೀರಿನ ಬದಲು ಮಂಜುಗಡ್ಡೆ ಹಾಕಿ ಕಲಸಿಕೊಡುತ್ತಾರೆ.

ಕಬ್ಬಿಣದ ಜಾಲರಿಯ ವಿಷಯದಲ್ಲಿ ಒಂದೇ ಮಾತು. ಅದು ಬಿರುಕನ್ನು ತಡೆಯುವುದಿಲ್ಲ. ಬಿರುಕು ಅಗಲವಾಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಹಾಸಿನ ನಡುವೆ ಇರುವಂತೆ ಕಲ್ಲಿನ ತುಂಡುಗಳ ಮೇಲೆ ಕೂರಿಸದೆ ನೆಲಕ್ಕೆ ಚೆಲ್ಲಿದ ಜಾಲರಿ ಮಣ್ಣಿಗೆ ಕೊಟ್ಟ ದಾನ.

ಮೂರು ಗಂಟೆಗೆ ಆಳುಗಳು ಬಂದರು. ಸೋದರಳಿಯನ ಹೆಂಡತಿ ದೊಡ್ಡ ಪಾತ್ರೆಯಲ್ಲಿ ಫಿಲ್ಟರು ಕಾಫಿ ಇಟ್ಟಿದ್ದಳು. ಲಾರಿ ನಾಲ್ಕಕ್ಕೆ ಬಂತು. ದೀಪದ ಬೆಳಕಿನಲ್ಲಿ ಹಾಸಿ, ಮಟ್ಟಗೋಲು ಎಳೆದು, ಆರು ಗಂಟೆಗೆ ಮುಗಿಸಿದರು. ಯಾರೂ ನೀರು ಕೇಳಲಿಲ್ಲ. ಒಸರಿದ ನೀರು ತಾನಾಗಿ ಇಂಗುವವರೆಗೆ ಕಾದು, ಬಳಿಕ ಉದ್ದ ಹಿಡಿಯ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದು ಸಣ್ಣ ಗೀರುಗಳನ್ನು ಮೂಡಿಸಿದರು. ಈ ಸಲ ಕನ್ನಡಿಯ ನುಣುಪು ಇಲ್ಲ. ಆದರೆ ಮಳೆಯಲ್ಲಿ ಕಾಲು ಜಾರುವುದಿಲ್ಲ. ಕೈ ಮುರಿದುಕೊಂಡಿದ್ದ ಅಕ್ಕ ಕಿಟಕಿಯಿಂದಲೇ ನೋಡಿ, “ಹೊಸ ನೆಲಕ್ಕೆ ಮೊದಲು ಪೊರಕೆಯೆ!” ಎಂದು ಗೊಣಗಿದಳು.

ಕಾಂಕ್ರೀಟು ಬಿರಿಯುವುದೇ ಇಲ್ಲವೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಇಪ್ಪತ್ತನಾಲ್ಕಡಿ ಉದ್ದದ ಹಾಸು ಮೂವತ್ತು ಡಿಗ್ರಿಯ ಏರಿಳಿತಕ್ಕೆ ಎರಡು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಆರುವಾಗಿನ ಕುಗ್ಗುವಿಕೆ ಬೇರೆ. ನಾವು ಮಾಡಬಹುದಾದದ್ದು ಎಲ್ಲಿ ಬಿರಿಯಬೇಕೆಂದು ಅದಕ್ಕೆ ಹೇಳಿಕೊಡುವುದು. ಅದೇ ದಿನ ಮಧ್ಯಾಹ್ನದೊಳಗೆ, ಕಾಂಕ್ರೀಟು ಗರಗಸಕ್ಕೆ ಉದುರದಷ್ಟು ಗಟ್ಟಿಯಾದೊಡನೆ, ಹಾಸನ್ನು ಎಂಟಡಿಯ ಆರು ಚೌಕಗಳಾಗಿ ಗೀರಿದೆವು. ಗೀರಿನ ಆಳ ದಪ್ಪದ ಕಾಲುಭಾಗ, ಒಂದೂಕಾಲು ಅಂಗುಲ. ನಾಳೆ ಗೀರಿದರಾಯಿತೆಂದು ಆಳುಗಳು ಮನೆಗೆ ಹೋದರೆ ಮರುಭೂಮಿಯ ರಾತ್ರಿ ತಾನೇ ಗೀರಿಬಿಡುತ್ತದೆ, ತನಗೆ ಬೇಕಾದಂತೆ. ಗ್ಯಾರೇಜಿನ ನೆಲಕ್ಕೂ ದಾರಿಗೂ ನಡುವೆ ಅರ್ಧ ಅಂಗುಲದ ಮೆತ್ತನೆಯ ಪಟ್ಟಿ ಇಟ್ಟು ಎರಡನ್ನೂ ಬೇರ್ಪಡಿಸಿದೆವು. ಹಿಂದಿನ ಸಲ ಇದಾವುದೂ ಇರಲಿಲ್ಲ.

ಇನ್ನು ಕ್ಯೂರಿಂಗ್. ನಮ್ಮ ಊರಿನಲ್ಲಾದರೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ, ಇಲ್ಲವೆ ಒದ್ದೆ ಗೋಣಿಚೀಲ ಹೊದಿಸುತ್ತೇವೆ. ಅದಕ್ಕಿಂತ ಉತ್ತಮವಾದದ್ದು ಇಲ್ಲ. ಆದರೆ ಕೊಲರಾಡೋ ನದಿಯ ನೀರು ಸಾಲದೆ ೨೦೨೨ರಲ್ಲಿ ಮೊತ್ತಮೊದಲ ಬಾರಿಗೆ ಅರಿಜೋನಾದ ಪಾಲನ್ನು ಕಡಿತ ಮಾಡಿದ್ದರು. ಅಂಥ ನಾಡಿನಲ್ಲಿ ಏಳು ದಿನ ಅಂಗಳಕ್ಕೆ ನೀರು ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಅಲ್ಲಿಯವರು ಬಳಸುವ ಬಿಳಿಯ ದ್ರವವೊಂದುಂಟು; ಪಿಚಕಾರಿಯಂಥ ಯಂತ್ರದಿಂದ ಎರಚಿದರೆ ಕಾಂಕ್ರೀಟಿನ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ, ಒಳಗಿನ ನೀರನ್ನು ಒಳಗೇ ಹಿಡಿದಿಡುತ್ತದೆ. ಬಣ್ಣ ಬಿಳಿಯಾದ್ದರಿಂದ ಬಿಸಿಲನ್ನೂ ಹಿಂದಕ್ಕೆ ಎಸೆಯುತ್ತದೆ. ಪೊರಕೆಯ ಕೆಲಸ ಮುಗಿದು ಮೇಲಿನ ತೇವದ ಹೊಳಪು ಮಾಯವಾದ ಕೂಡಲೇ ಅದನ್ನು ಹಾಕಬೇಕು. ತಿಂಡಿ ತಿಂದು ಬರುತ್ತೇವೆಂದರೆ ಕೆಟ್ಟಿತು.

ಇಷ್ಟೆಲ್ಲ ಆತುರದ ನಾಡಿನಲ್ಲಿ ಕಾಂಕ್ರೀಟು ಬೇಗ ಗಟ್ಟಿಯಾಗುವುದು ಒಂದು ಲಾಭವಲ್ಲವೆ ಎಂದು ಸೋದರಳಿಯ ಕೇಳಿದನು. ಅಲ್ಲ. ಅಮೆರಿಕದ ಪಾಲ್ ಕ್ಲೀಗರ್ ೧೯೫೮ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಬಿಸಿಯಲ್ಲಿ ಹುಟ್ಟಿದ ಕಾಂಕ್ರೀಟು ಮೊದಲ ದಿನಗಳಲ್ಲಿ ಮುಂದಿದ್ದು, ತಿಂಗಳು ಕಳೆಯುವ ವೇಳೆಗೆ ತಂಪಿನಲ್ಲಿ ಹುಟ್ಟಿದ್ದಕ್ಕಿಂತ ಹಿಂದೆ ಬೀಳುತ್ತದೆ. ಆದುದರಿಂದ ಏಳು ದಿನ ಕಾರು ನಿಲ್ಲಿಸಕೂಡದು, ಸಾಮಾನಿನ ಭಾರಿ ಲಾರಿ ಇಪ್ಪತ್ತೆಂಟು ದಿನ ಹತ್ತಕೂಡದು ಎಂದು ಅವನಿಗೆ ಕಟ್ಟುಮಾಡಿದೆ. ಪಾಪ, ಒಂದು ವಾರ ಬೀದಿಯ ಬಿಸಿಲಿನಲ್ಲಿ ನಿಂತು ಕಾದ ಕಾರಿನಲ್ಲಿಯೇ ಕಛೇರಿಗೆ ಹೋದನು.

ನಮ್ಮ ಕಲಬುರ್ಗಿ, ರಾಯಚೂರಿನ ವಾಚಕರು ಏಪ್ರಿಲ್‌ನಲ್ಲಿ ಅಂಗಳಕ್ಕೆ ಕಾಂಕ್ರೀಟು ಹಾಕಿಸುವುದಾದರೆ ಇವೆಲ್ಲವೂ ಅವರಿಗೂ ಅನ್ವಯಿಸುತ್ತವೆ; ಗೋಣಿಚೀಲವಂತೂ ಸುಲಭವಾಗಿ ಸಿಗುತ್ತದೆ. ದುಬಾಯಿ ಕಡೆಯ ಮಂಗಳೂರಿನವರಿಗೆ ಬೇರೆ ತೊಂದರೆಯೊಂದುಂಟು: ಕಡಲಿನ ಉಪ್ಪು ಕಬ್ಬಿಣವನ್ನು ತಿನ್ನುವುದು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಎಂಟನೆಯ ದಿನ ಬೆಳಗ್ಗೆ ಅಕ್ಕ ರಂಗೋಲಿಯ ಡಬ್ಬಿ ಹಿಡಿದು ಹೊರಗೆ ಬಂದಳು. ಬಿಳಿಯ ಪೊರೆಯ ಮೇಲೆ ಬಿಳಿಯ ರಂಗೋಲಿ ಕಾಣುವುದೆಂತು? ಸ್ವಲ್ಪ ಹೊತ್ತು ನಿಂತು ನೋಡಿ, ಒಳಗೆ ಹೋಗಿ ಕುಂಕುಮ ತಂದಳು. ಮಣಿಕಟ್ಟಿನ ನೋವು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಾಲ್ಕೆಳೆಯ ಚಿಕ್ಕದೊಂದು ಎಳೆದಳು.

ಆ ವರ್ಷದ ಬೇಸಗೆಯೂ ಕಡಿಮೆಯದಲ್ಲ. ಫೀನಿಕ್ಸಿನಲ್ಲಿ ೧೧೩ ದಿನ ಒಂದೇಸಮನೆ ಹಗಲಿನ ಗರಿಷ್ಠ ಉಷ್ಣತೆ ಸುಮಾರು ೩೮ ಡಿಗ್ರಿಯನ್ನು ಮುಟ್ಟಿತು, ಇಲ್ಲವೆ ಮೀರಿತು. ಅಕ್ಟೋಬರಿನಲ್ಲಿ ಸೋದರಳಿಯ ಫೋನು ಮಾಡಿ, ಗಾಬರಿಯಿಂದ, “ಮಾವ, ಒಂದು ಬಿರುಕು ಬಂದಿದೆ” ಎಂದನು. ಎಲ್ಲಿ ಎಂದು ಕೇಳಿದೆ. ಮೊಣಕಾಲೂರಿ ಟಾರ್ಚು ಬಿಟ್ಟು ನೋಡಿದನಂತೆ. “ಗರಗಸದಿಂದ ಗೀರಿದ್ದೆವಲ್ಲ, ಎರಡನೆಯ ಗೀರು, ಅದರ ತಳದಲ್ಲಿ. ನೂಲಿನಷ್ಟು ಸಣ್ಣದು. ಗೀರು ಬಿಟ್ಟು ಹೊರಗೆ ಎಲ್ಲಿಯೂ ಇಲ್ಲ” ಎಂದನು.